ಮಿಂಚೋದೆಲ್ಲ ರೇಷ್ಮೆನಾ?
ತಂಗಿಯ ಮದುವೆಗೆ ಸೀರೆ ತರಲು ಹನೂರಿಂದ ಅವ್ವನನ್ನು ಕರ್ಕೊಂಡು ಕೊಳ್ಳೇಗಾಲಕ್ಕೆ ಹೋಗಿದ್ದೆ. ಗಂಡಿನ ಕಡೆಯವರು ಯಳಂದೂರಿನವರು, ರೇಷ್ಮೆ ಗೊತ್ತಿದ್ದ ಜನ. ಅಂಗಡಿಯವರು ಸೀರೆಗೆ ಕಟ್ಟಿದ್ದ ಸಿಲ್ಕ್ ಮಾರ್ಕ್ ಚೀಟಿ ತೋರಿಸಿದರು. ಹಿಂದೊಮ್ಮೆ ಬೇರೆ ಊರಲ್ಲಿ ರೇಷ್ಮೆಯ ದುಡ್ಡು ಕೊಟ್ಟು ಪಾಲಿಯೆಸ್ಟರ್ ತಂದವಳು ಅವ್ವ. ಚೀಟಿಯ ಹೊಳೆಯುವ ಸ್ಟಿಕ್ಕರನ್ನು ಓರೆ ಮಾಡಿ ನೋಡಿ, "ಮಿಂಚ್ತದೆ ಸರಿ ಕನ್ ಮಗ, ಮಿಂಚಿದ್ದೆಲ್ಲ ರೇಷ್ಮೆ ಆಗ್ಬುಡ್ತದಾ?" ಅಂದಳು.

ಆ ಸ್ಟಿಕ್ಕರೇ ಹಾಲೋಗ್ರಾಮ್. ಫೋಟೋ ಬೆಳಕು ಎಷ್ಟು ಬಿತ್ತು ಅನ್ನೋದನ್ನಷ್ಟೇ ಹಿಡಿಯುತ್ತೆ. ಹಾಲೋಗ್ರಫಿಯಲ್ಲಿ ವಸ್ತುವಿನಿಂದ ಬಂದ ಬೆಳಕನ್ನು ಅದೇ ಮೂಲದ ಇನ್ನೊಂದು ಕಿರಣದ ಜೊತೆ ಬೆರೆಸುತ್ತಾರೆ. ಕೆರೆಗೆ ಎರಡು ಕಲ್ಲು ಎಸೆದರೆ ಅಲೆಗಳು ಹೆಣೆದುಕೊಳ್ಳಲ್ವಾ, ಹಾಗೆ ಮೂಡೋ ಸೂಕ್ಷ್ಮ ಗೆರೆಗಳೇ ದಾಖಲೆ. ಅವುಗಳ ಮೇಲೆ ಸರಿಯಾಗಿ ಬೆಳಕು ಬಿದ್ದರೆ ವಸ್ತು ಆಳದ ಸಮೇತ ಕಾಣುತ್ತೆ. 1947ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲು ಹೊರಟ ಡೆನಿಸ್ ಗೇಬರ್‌ಗೆ ಹೊಳೆದ ಉಪಾಯ ಇದು. 1960ರಲ್ಲಿ ಲೇಸರ್ ಬಂದ ಮೇಲೆ ಕೈಗೂಡಿತು, 1971ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಬಣ್ಣ ಹಾಕದೆ ಜೀವಕೋಶ ನೋಡೋಕೂ ಇದೇ ತಂತ್ರ.

ಸ್ಟಿಕ್ಕರ್‌ನಲ್ಲಿ ಆ ಗೆರೆಗಳನ್ನು ಪ್ಲಾಸ್ಟಿಕ್ ಪದರಕ್ಕೆ ಅಚ್ಚೊತ್ತಿ ಅಲ್ಯೂಮಿನಿಯಂ ಲೇಪಿಸಿರುತ್ತಾರೆ. ಜೆರಾಕ್ಸ್ ಮಾಡಿದರೆ ಬಣ್ಣ ಬದಲಾಗೋ ಆಟ ಬರಲ್ಲ. ಆದರೆ ಅದು ಚೀಟಿಗೆ ಸಾಕ್ಷಿ, ಎಳೆಗಲ್ಲ. ಅವ್ವನ ಅನುಮಾನ ಸುಳ್ಳಲ್ಲ.

ಅಂಗಡಿಯವರನ್ನು ಕೇಳಿಯೇ ಅವಳು ಸೆರಗಿನಂಚಿನ ಬಿಡಿ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿದಳು. ಕೂದಲು ಸುಟ್ಟ ವಾಸನೆ. ಬೂದಿ ಬೆರಳಲ್ಲಿ ಪುಡಿಯಾಯ್ತು. ಪಾಲಿಯೆಸ್ಟರ್ ಆಗಿದ್ರೆ ಕರಗಿ ಗಟ್ಟಿ ಮಣಿಯಾಗ್ತಿತ್ತು.

"ಈಗ ಆ ಚೀಟಿ ನಂಬರೂ ಫೋಟೋ ತಕ್ಕೊ," ಅಂದಳು.