ರೈಟ್ ಕ್ಲಿಕ್ ಮೆನು ಬರೋಕೆ ಯಾಕಿಷ್ಟು ಹೊತ್ತು?

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡ್ತೀರಿ, ಮೆನು ಬರೋಕೆ ನಾಲ್ಕೈದು ಸೆಕೆಂಡ್ ಹಿಡಿಯುತ್ತೆ. ಬೈಗುಳ ತಿನ್ನೋದು ವಿಂಡೋಸ್. ಆದ್ರೆ ಎಷ್ಟೋ ಸಲ ತಪ್ಪು ನಮ್ಮಂಥವರದ್ದು, ಅಂದ್ರೆ ಆ ಮೆನುವಿಗೆ ತಮ್ಮ ಸಾಫ್ಟ್‌ವೇರಿನ ಹೆಸರು ಸೇರಿಸೋ ಇಂಜಿನಿಯರುಗಳದ್ದು.

ಸೇರಿಸೋಕೆ ಹಳೇ ದಾರಿ ಎರಡಿವೆ. ಒಂದು ಸರಳ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳೋ ರಿಜಿಸ್ಟ್ರಿಯಲ್ಲಿ ಮೆನುವಿನ ಹೆಸರು, ಯಾವ ಪ್ರೋಗ್ರಾಂ ಓಡಿಸಬೇಕು ಅನ್ನೋ ಒಂದು ಸಾಲು ಬರೆದರೆ ಆಯ್ತು. ಸಾಲಿನ ಕೊನೆಗೆ "%1" ಅಂತ ಹಾಕಿದ್ರೆ ಕ್ಲಿಕ್ ಆದ ಫೈಲಿನ ವಿಳಾಸ ಅಲ್ಲಿ ಬಂದು ಕೂರುತ್ತೆ. (ಆ ಕೋಟ್ಸ್ ಮರೀಬೇಡಿ. ಹೆಸರಲ್ಲಿ ಸ್ಪೇಸ್ ಇರೋ ಫೈಲ್ ತುಂಡು ತುಂಡಾಗುತ್ತೆ.) ನೀವು ಆ ಹೆಸರನ್ನು ಆರಿಸೋವರೆಗೂ ಪ್ರೋಗ್ರಾಂ ಶುರುವೇ ಆಗಲ್ಲ.

ಇನ್ನೊಂದು ಶೆಲ್ ಎಕ್ಸ್‌ಟೆನ್ಷನ್. ಫೈಲ್ ಯಾವುದು ಅಂತ ನೋಡಿ ಮೆನು ಬದಲಾಗಬೇಕು ಅಂದ್ರೆ ಇದು ಬೇಕಾಗುತ್ತೆ. ನಾವು ಬರೆದ ಡಿಎಲ್‌ಎಲ್ ಫೈಲನ್ನು ಎಕ್ಸ್‌ಪ್ಲೋರರ್ ತನ್ನ ಪ್ರೋಸೆಸ್ ಒಳಗೇ ಎಳೆದುಕೊಳ್ಳುತ್ತೆ. ಮೆನು ತೋರಿಸೋ ಮುಂಚೆ 'ಕ್ವೆರಿ ಕಾಂಟೆಕ್ಸ್ಟ್ ಮೆನು' ಅನ್ನೋ ಫಂಕ್ಷನ್ ಕರೆದು, ನಿಂದೇನಾದ್ರೂ ಸೇರಿಸೋದಿದೆಯಾ ಅಂತ ಕೇಳುತ್ತೆ. ನಾವು ಉತ್ತರ ಕೊಡೋವರೆಗೂ ಮೆನು ಬರಲ್ಲ. ನಮ್ಮ ಕೋಡ್ ಕ್ರ್ಯಾಶ್ ಆದ್ರೆ ಎಕ್ಸ್‌ಪ್ಲೋರರೂ ಬೀಳುತ್ತೆ, ಜೊತೆಗೆ ಟಾಸ್ಕ್‌ಬಾರೂ ಮಾಯ.

ನಾನು ಆ ಫಂಕ್ಷನ್ನಿನಲ್ಲೇ, ಈ ಫೈಲ್ ಸರ್ವರಿನಲ್ಲಿ ಇದೆಯಾ ಅಂತ ನೆಟ್‌ವರ್ಕಿನಲ್ಲಿ ವಿಚಾರಿಸ್ತಿದ್ದೆ. ನಮ್ಮ ಆಫೀಸಿನ ನೆಟ್ ಜೋರು, ಗೊತ್ತೇ ಆಗಲಿಲ್ಲ. ಗ್ರಾಹಕರ ಕಡೆ ನೆಟ್ ನಿಧಾನ. ಅಕೌಂಟ್ಸ್‌ನವರು ಪ್ರತಿ ರೈಟ್ ಕ್ಲಿಕ್ಕಿಗೂ ಕಾದು ಕೂತರು. ಅವರ ಹಾರ್ಡ್‌ವೇರ್ ಹುಡುಗ ಪಾಪ, ವೈರಸ್ ಅಂದುಕೊಂಡು ಎರಡು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಬಿಟ್ಟಿದ್ದ. ಆಮೇಲೆ ನಾನು ಮಾಡಿದ್ದು ಇಷ್ಟೇ: ಮೆನುವಿನಲ್ಲಿ ಹೆಸರು ಯಾವಾಗಲೂ ಇರಲಿ, ಸರ್ವರಿಗೆ ಕೇಳೋದು ಅದನ್ನು ಕ್ಲಿಕ್ ಮಾಡಿದ ಮೇಲೆ, ಅದೂ ನಮ್ಮದೇ ಬೇರೆ ಪ್ರೋಗ್ರಾಂನಲ್ಲಿ.

2021ರಲ್ಲಿ ಬಂದ ವಿಂಡೋಸ್ 11 ಹಳೇ ಮೆನುವನ್ನು 'ಶೋ ಮೋರ್ ಆಪ್ಷನ್ಸ್' ಹಿಂದೆ ತಳ್ಳಿತು. ಶಿಫ್ಟ್ ಜೊತೆ ಎಫ್10 ಒತ್ತಿದ್ರೂ ಸಿಗುತ್ತೆ. ಹೊಸ ಮೆನುವಿಗೆ 'ಐ ಎಕ್ಸ್‌ಪ್ಲೋರರ್ ಕಮಾಂಡ್' ಪ್ರಕಾರ ಕೋಡ್ ಬರೀಬೇಕು, ಆ್ಯಪ್‌ಗೆ ಪ್ಯಾಕೇಜ್ ಗುರುತೂ ಇರಬೇಕು. ಒಂದು ಕ್ಲಿಕ್ ಜಾಸ್ತಿ ಆಯ್ತು ಅಂತ ಎಲ್ಲರಿಗೂ ಸಿಟ್ಟು. ಆ ಮೆನುವನ್ನು ಸಂತೆ ಮಾಡಿದ್ದು ನಾವೇ ಅಂತ ನನಗನ್ನಿಸುತ್ತೆ. ಇದರ 'ಗೆಟ್ ಸ್ಟೇಟ್' ಫಂಕ್ಷನ್ನಿಗೆ ಬರೋ ಒಂದು ಪ್ಯಾರಾಮೀಟರಿನ ಹೆಸರೇ 'ಓಕೆ ಟು ಬಿ ಸ್ಲೋ'! ಅದು ಫಾಲ್ಸ್ ಅಂತ ಬಂದ್ರೆ ಭಾರದ ಕೆಲಸಕ್ಕೆ ಕೈ ಹಾಕದೆ, ಇನ್ನೂ ಬಾಕಿ ಅಂತ ಹೇಳಿ ವಾಪಸ್ ಬರಬೇಕು.

ನಿಮ್ಮ ಕಂಪ್ಯೂಟರಿನಲ್ಲಿ ಈ ಕಾಟ ಇದ್ರೆ ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ. ನಿರ್‌ಸಾಫ್ಟ್‌ನವರ ಶೆಲ್‌ಎಕ್ಸ್‌ವ್ಯೂ ಅನ್ನೋ ಉಚಿತ ಟೂಲ್ ತೆರೆದು, ಮೈಕ್ರೋಸಾಫ್ಟಿನದ್ದಲ್ಲದ ಕಾಂಟೆಕ್ಸ್ಟ್ ಮೆನು ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಡಿಸೇಬಲ್ ಮಾಡಿ, ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ ನೋಡ್ತಾ ಹೋಗಿ.