ಯೂಟ್ಯೂಬ್‌ಗೆ ಹಾಕುವ ಮುಂಚೆ

ಪ್ರಶ್ನೆ: ಯೂಟ್ಯೂಬ್‌ಗೆ ಹಾಕಿದ ಕಿರುಚಿತ್ರವನ್ನು ಚಿತ್ರೋತ್ಸವಗಳಿಗೆ ಕಳಿಸಬಹುದೇ?

ಉತ್ತರ: ಕೆಲವಕ್ಕೆ ಕಳಿಸಬಹುದು. ಅಮೆರಿಕದ ಸನ್‌ಡಾನ್ಸ್, ಮೊದಲ ಪ್ರದರ್ಶನ ತನ್ನಲ್ಲೇ ಆಗಬೇಕೆಂದು ಕಿರುಚಿತ್ರಗಳಿಗೆ ಷರತ್ತು ಹಾಕುವುದಿಲ್ಲ. ಅವಧಿ 50 ನಿಮಿಷದೊಳಗಿದ್ದರೆ ಸಾಕು. ಫ್ರಾನ್ಸಿನ ಕಾನ್ ಹಾಗಲ್ಲ. ಅಲ್ಲಿನ ಕಿರುಚಿತ್ರ ಸ್ಪರ್ಧೆಗೆ ಹೆಸರುಪಟ್ಟಿಯೂ ಸೇರಿ 15 ನಿಮಿಷವೇ ಮಿತಿ, ಅಂತರ್ಜಾಲದಲ್ಲಿ ಬಂದ ಚಿತ್ರ ನಡೆಯದು. ಆದ್ದರಿಂದ ದಯವಿಟ್ಟು ಯೂಟ್ಯೂಬ್‌ಗೆ ಹಾಕಲು ಅವಸರ ಮಾಡಬೇಡಿ. ಆಯ್ಕೆದಾರರಿಗೆ ವಿಮಿಯೋ ವಿಡಿಯೊ ತಾಣದಲ್ಲಿ ಪಾಸ್‌ವರ್ಡ್ ಹಾಕಿದ ಲಿಂಕ್ ಕೊಟ್ಟರೆ ಅದು ಬಿಡುಗಡೆ ಎನಿಸುವುದಿಲ್ಲ. ಚಿತ್ರೋತ್ಸವಗಳಿಗೆ ಅರ್ಜಿ ಹಾಕುವ ಫಿಲ್ಮ್‌ಫ್ರೀವೇ ಜಾಲತಾಣದ ಮೂಲಕ ಕಳಿಸುವುದಾದರೆ ಮೊದಲ ಗಡುವಿನೊಳಗೇ ಕಳಿಸಿ. ತಡವಾದಂತೆ ಶುಲ್ಕ ಏರುತ್ತದೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ಮಾತ್ರ ಧಾರಾಳವಾಗಿ ಸಮಯ ಕೊಡಿ. ಮಂಡ್ಯದ ಆಡುಮಾತಿನ ಚಲನಚಿತ್ರ ‘ತಿಥಿ’ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವ ಎರಡು ಪ್ರಶಸ್ತಿ ಕೊಟ್ಟಿತು; ಕನ್ನಡ ಬಾರದ ಪ್ರೇಕ್ಷಕರನ್ನು ಆ ಚಿತ್ರದ ಊರಿನೊಳಗೆ ಕರೆದೊಯ್ದದ್ದು ಸಬ್‌ಟೈಟಲ್ಲೇ.