ಅದುಮಿಟ್ಟ ಉಕ್ಕು

ಮಧುಗಿರಿಯಿಂದ ಪಾವಗಡದ ಕಡೆಗೆ ಹೊರಟ ಜೀಪು ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಚಕ್ರಕ್ಕೆ ಎರಡು ಬಗೆಯ ನೆಲ ಸಿಗುತ್ತದೆ. ಒಂದು ಕೆಂಪು ಮರಳುಮಣ್ಣು. ಇನ್ನೊಂದು ಅದರ ನಡುವೆ ತಲೆ ಎತ್ತಿದ ಬಂಡೆ. ಕೊರಟಗೆರೆಯತ್ತ ಹೋದರೆ ಮಳೆಗಾಲ ಕಳೆದ ಮೇಲೆ ಮರಳಷ್ಟೇ ಉಳಿಯುವ ಜಯಮಂಗಲಿಯ ಪಾತ್ರ. ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕಿನ ಬದಿಯಲ್ಲೂ ಮಣ್ಣಿನ ದಾರಿಗಳೇ. ಇಂಥ ನೆಲದಲ್ಲಿ ಗಾಡಿಯ ಭಾರವನ್ನೆಲ್ಲ ಹೊತ್ತು, ಪ್ರತಿ ಗುಂಡಿಗೂ ಕುಗ್ಗಿ ಹಿಗ್ಗುವುದು ಸ್ಪ್ರಿಂಗು.

ಹಳೆಯ ಮಹೀಂದ್ರಾ ಜೀಪುಗಳಲ್ಲಿ, 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಇದ್ದದ್ದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. 2000ದಲ್ಲಿ ಬಂದ ಬೊಲೆರೊ ಮುಂದಕ್ಕೆ ಸುರುಳಿ ಸ್ಪ್ರಿಂಗು ತಂದಿತು, ಹಿಂದಕ್ಕೆ ಪಟ್ಟಿಯನ್ನೇ ಉಳಿಸಿಕೊಂಡಿತು. 2020ರ ಹೊಸ ಥಾರ್ ಹಿಂದಕ್ಕೂ ಸುರುಳಿ ಹಾಕಿಕೊಂಡಿತು. 2023ರಲ್ಲಿ ಬಂದ ಜಿಮ್ನಿಯ ನಾಲ್ಕೂ ಮೂಲೆಯಲ್ಲಿ ಸುರುಳಿಯೇ. ಪಟ್ಟಿ ಕಟ್ಟು ಬಿಚ್ಚಿ ಕಟ್ಟುವುದರಲ್ಲಿ ಕೈ ಪಳಗಿಸಿಕೊಂಡ ಶಿರಾ, ಮಧುಗಿರಿಯಂಥ ಊರುಗಳ ಗ್ಯಾರೇಜುಗಳ ಮುಂದೆ ಈಗ ಬೇರೆಯದೇ ಕೆಲಸ ಬಂದು ನಿಲ್ಲುತ್ತಿದೆ.

ಸುರುಳಿ ಸ್ಪ್ರಿಂಗು ನೋಡಲು ಮೇಲೆ ಕೆಳಗೆ ಕುಗ್ಗುವಂತೆ ಕಂಡರೂ ಒಳಗೆ ನಡೆಯುವುದು ತಿರುಚುವಿಕೆ. ಅದುಮಿದಾಗ ಸರಳು ತನ್ನ ಉದ್ದಕ್ಕೂ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. 2010ರ ಹಳೆಯ ಥಾರ್‌ನ ಮುಂಭಾಗದಲ್ಲಿ ಇದೇ ತತ್ತ್ವ ನೇರ ಸರಳಿನ ರೂಪದಲ್ಲಿತ್ತು. ಅದನ್ನೇ ಸುತ್ತಿದರೆ ಸುರುಳಿ. ಅದುಮಿದಷ್ಟೂ ಎದುರು ಬಲ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ.

ಲೆಕ್ಕ ಹಾಕಿ ನೋಡಿದರೆ ಅಪಾಯದ ಗಾತ್ರ ತಿಳಿಯುತ್ತದೆ. 14 ಮಿ.ಮೀ. ದಪ್ಪದ ಉಕ್ಕಿನ ಸರಳನ್ನು 120 ಮಿ.ಮೀ. ಸರಾಸರಿ ವ್ಯಾಸದಲ್ಲಿ ಏಳು ಸುತ್ತು ಸುತ್ತಿದ ಸ್ಪ್ರಿಂಗೊಂದನ್ನು ತೆಗೆದುಕೊಳ್ಳೋಣ. ಅದನ್ನು ಒಂದು ಮಿಲಿಮೀಟರ್ ಅದುಮಲು ಸುಮಾರು 31 ನ್ಯೂಟನ್ ಬಲ, ಅಂದರೆ ಮೂರು ಕೆ.ಜಿ.ಗಿಂತ ತುಸು ಹೆಚ್ಚಿನ ಭಾರ ಬೇಕು. 150 ಮಿ.ಮೀ. ಅದುಮಿದರೆ ಅದು ಸುಮಾರು 475 ಕೆ.ಜಿ. ಭಾರಕ್ಕೆ ಎದುರು ನಿಲ್ಲುತ್ತದೆ. ಒಳಗೆ ಕೂತಿರುವ ಶಕ್ತಿ 350 ಜೌಲ್; 12 ಕೆ.ಜಿ. ಕಲ್ಲು ಮೂರು ಮೀಟರ್ ಎತ್ತರದಿಂದ ಬಿದ್ದಾಗ ನೆಲಕ್ಕೆ ಕೊಡುವಷ್ಟು. ಅದೇ ಸ್ಪ್ರಿಂಗನ್ನು 200 ಮಿ.ಮೀ. ಅದುಮಿದರೆ ಶಕ್ತಿ 620 ಜೌಲ್‌ಗೆ ಏರುತ್ತದೆ. ಅದುಮಿದ್ದು ಮೂರನೇ ಒಂದರಷ್ಟು ಹೆಚ್ಚು, ಶಕ್ತಿ ಮುಕ್ಕಾಲು ಪಾಲು ಹೆಚ್ಚು. ಆ 350 ಜೌಲ್ ಒಂದೇ ಏಟಿಗೆ ವೇಗವಾಗಿ ಬದಲಾದರೂ ಸಾಕು, ಮೂರು ಕೆ.ಜಿ. ತೂಗುವ ಸ್ಪ್ರಿಂಗು ಗಂಟೆಗೆ 50 ಕಿ.ಮೀ.ಗೂ ಹೆಚ್ಚಿನ ವೇಗ ಪಡೆಯಬಲ್ಲದು. ಎದುರಿಗಿರುವುದು ಬಿಚ್ಚುವವನ ಮುಖ ಅಥವಾ ಎದೆ.

ಹಾಗಾಗಿ ಸ್ಪ್ರಿಂಗು ಬಿಚ್ಚುವುದೆಂದರೆ ಬೋಲ್ಟು ಬಿಚ್ಚುವ ಕೆಲಸವಲ್ಲ. ಒಳಗಿರುವ ಶಕ್ತಿಯನ್ನು ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ನಿಧಾನವಾಗಿ ಹೊರಗೆ ಬಿಡುವ ಕೆಲಸ.

ಬದಲಿಸುವ ಹೊತ್ತು ಬರುವುದು ಹೇಗೆ? ಹೆಚ್ಚಿನ ಸಲ ಸ್ಪ್ರಿಂಗು ಮುರಿಯುವುದು ತೀರಾ ಕೆಳಗಿನ ಅಥವಾ ತೀರಾ ಮೇಲಿನ ಸುತ್ತಿನಲ್ಲಿ, ಕೂರುವ ಬಟ್ಟಲಿನ ಹತ್ತಿರ. ಕೆಳಗಿನ ಬಟ್ಟಲಲ್ಲಿ ಮರಳು, ಸಣ್ಣ ಜಲ್ಲಿ ಸೇರಿ ಪ್ರತಿ ಕುಲುಕಿಗೂ ಬಣ್ಣವನ್ನು ಉಜ್ಜುತ್ತದೆ. ಬಣ್ಣ ಹೋದಲ್ಲಿ ತುಕ್ಕು, ತುಕ್ಕಿನ ಗುಳಿಯಲ್ಲಿ ಕಣ್ಣಿಗೆ ಕಾಣದ ಬಿರುಕು, ಬಿರುಕು ಲಕ್ಷಾಂತರ ಕುಲುಕಾಟಗಳಲ್ಲಿ ಬೆಳೆದು ಒಂದು ದಿನ ಟಣ್ ಎಂಬ ಸದ್ದು. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಸ್ಪ್ರಿಂಗಿನ ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಪದರವನ್ನು ಬಿಗಿ ಮಾಡಿರುತ್ತಾರೆ. ತುಕ್ಕು ಆ ಪದರವನ್ನೇ ತಿನ್ನುತ್ತದೆ. ಸ್ಪ್ರಿಂಗಿನ ಗಡಸುತನ ಸರಳಿನ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ: 14 ಮಿ.ಮೀ. ಸರಳು ಉದ್ದಕ್ಕೂ ಸವೆದು 13 ಆದರೆ ಕಾಲು ಭಾಗ ಗಡಸುತನ ಹೋಯಿತು. ಒಂದು ಬದಿ ಮುರಿದರೂ ಎರಡನ್ನೂ ಜೋಡಿಯಾಗಿ ಬದಲಿಸಬೇಕು ಅನ್ನುವುದಕ್ಕೆ ಇದೇ ಕಾರಣ. ಹಳೆಯದೂ ಹೊಸದೂ ಸಮನಾಗಿ ಭಾರ ಹೊರುವುದಿಲ್ಲ.

ಇನ್ನು ಗಾಡಿ ಎತ್ತುವ ಮಾತು. ಇಲ್ಲಿ ಈ ನಾಡಿನ ಒಂದು ಅಭ್ಯಾಸದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾಗಿದೆ. ಕಲ್ಲಿಗೆ ಬರವಿಲ್ಲದ ಸೀಮೆ ಇದು. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾದ ಮಧುಗಿರಿ ಬೆಟ್ಟ ಕಣ್ಣೆದುರೇ ಇದೆ. ಜಾಕಿ ಕೊಟ್ಟು ಎತ್ತಿದ ಗಾಡಿಯ ಕೆಳಗೆ ಸೈಜುಗಲ್ಲು ಪೇರಿಸುವುದು ಸುಲಭವಾಗಿ ಕೈಗೆ ಬರುವ ಉಪಾಯ. ಆದರೆ ಗ್ರಾನೈಟ್ ಒತ್ತಡವನ್ನು ಎಷ್ಟು ಚೆನ್ನಾಗಿ ತಡೆಯುತ್ತದೋ ಎಳೆತಕ್ಕೆ ಅಷ್ಟೇ ದುರ್ಬಲ. ಸಾಲಾಗಿ ಸಣ್ಣ ಗುಳಿ ಕೊರೆದು ಬೆಣೆ ಬಡಿದು ದೊಡ್ಡ ಬಂಡೆಯನ್ನು ನೇರವಾಗಿ ಸೀಳುವ ಕಲ್ಲು ಒಡೆಯುವವರ ಕಸುಬು ನಿಂತಿರುವುದೇ ಆ ದೌರ್ಬಲ್ಯದ ಮೇಲೆ. ಒರಟು ಕಲ್ಲು ಎರಡು ಮೂರು ಚುಕ್ಕೆಗಳ ಮೇಲಷ್ಟೇ ಕೂತಿರುತ್ತದೆ. ಮೇಲೆ ಚಾಸಿಯ ಅಂಚು ಒಂದೇ ಕಡೆ ಒತ್ತಿದರೆ ಕಲ್ಲು ಬಾಗಲು ನೋಡಿ, ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತದೆ. ಉಕ್ಕಿನ ಸ್ಟ್ಯಾಂಡು ಇಲ್ಲದಿದ್ದರೆ ಕೆಲಸ ನಿಲ್ಲಿಸಿ ತರುವುದೇ ಸರಿ. ಸ್ಟ್ಯಾಂಡು ಚಾಸಿಯ ಕೆಳಗಿರಬೇಕು, ಆಕ್ಸಲ್ಲಿನ ಕೆಳಗಲ್ಲ, ಏಕೆಂದರೆ ಆಕ್ಸಲ್ ಕೆಳಗಿಳಿಯಬೇಕಾಗಿದೆ. ನೆಲ ಕಾಂಕ್ರೀಟಾದರೆ ಒಳ್ಳೆಯದು. ಮಣ್ಣಾದರೆ ಜಾಕಿಗೂ ಸ್ಟ್ಯಾಂಡಿಗೂ ದಪ್ಪ ಮರದ ಹಲಗೆ ಬೇಕು.

ಹ್ಯಾಂಡ್‌ಬ್ರೇಕನ್ನು ನಂಬುವಂತಿಲ್ಲ. ಇಂಥ ಬಹುಪಾಲು ಗಾಡಿಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗವನ್ನೇ ಎತ್ತಿದ ಮೇಲೆ ಗಾಡಿಯನ್ನು ತಡೆಯುವವರಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟ ಮೇಲೆಯೇ ಜಾಕಿಗೆ ಕೈ.

ಜಿಮ್ನಿಯಂಥ ವ್ಯವಸ್ಥೆಯಲ್ಲಿ ಸ್ಪ್ರಿಂಗು ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ. ಇಲ್ಲಿ ಸ್ಪ್ರಿಂಗಿನ ಶಕ್ತಿಯನ್ನು ಇಳಿಸುವ ಸಾಧನ ಗಾಡಿಯಲ್ಲೇ ಇದೆ. ಚಾಸಿ ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು ಜಾಕಿಯಿಂದ ಆಕ್ಸಲ್ಲನ್ನು ಆನಿಸಿ ಹಿಡಿದು, ಶಾಕಿನ ಕೆಳಗಿನ ಬೋಲ್ಟನ್ನು ತೆಗೆಯಬೇಕು. ಆ ಬೋಲ್ಟು ಆಕ್ಸಲ್ಲಿನ ಇಳಿತಕ್ಕೆ ಮಿತಿ ಹಾಕಿದ ಸರಪಳಿಯಂತೆ ಇರುವುದರಿಂದ ಜಾಕಿಯ ಆಸರೆಯಿಲ್ಲದೆ ಅದನ್ನು ಎಂದೂ ಮುಟ್ಟಬಾರದು. ಆಮೇಲೆ ಜಾಕಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರೆ ಆಕ್ಸಲ್ ಇಳಿದಂತೆ ಸ್ಪ್ರಿಂಗು ಹಿಗ್ಗಿ, ಕೊನೆಗೆ ಕೈಯಲ್ಲಿ ಅಲುಗಾಡಿಸುವಷ್ಟು ಸಡಿಲವಾಗುತ್ತದೆ. ಈ ಹೊತ್ತಿನಲ್ಲಿ ಒಬ್ಬರ ಕಣ್ಣು ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ವೈರಿನ ಮೇಲೇ ಇರಬೇಕು. ಅವು ಬಿಗಿಯಾದರೆ ಇಳಿಸುವುದನ್ನು ನಿಲ್ಲಿಸಿ ಕ್ಲಿಪ್ಪು ಬಿಡಿಸಬೇಕು. ಆಕ್ಸಲ್ಲಿನ ಭಾರ ಪೈಪಿನ ಮೇಲೆ ಬಿದ್ದರೆ ಅದು ಒಳಗೇ ಹರಿದು, ಮುಂದೆ ಎಲ್ಲೋ ಇಳಿಜಾರಿನಲ್ಲಿ ಕೈಕೊಡುತ್ತದೆ. ಸ್ಪ್ರಿಂಗಿಗೆ ಹಗ್ಗವೋ ಚೈನೋ ಸಡಿಲವಾಗಿ ಕಟ್ಟಿಟ್ಟರೆ ಜಾರಿದರೂ ಕಾಲ ಮೇಲೆ ಬೀಳದು.

ಹೊಸ ಥಾರ್‌ನ ಮುಂಭಾಗದ ಕಥೆ ಬೇರೆ. ಅಲ್ಲಿ ಸ್ಪ್ರಿಂಗು ಶಾಕಿನ ಸುತ್ತಲೇ ಕೂತಿದೆ, ಮೇಲಿನ ಒಂದೇ ನಟ್ಟು ಇಡೀ ಒತ್ತಡವನ್ನು ಹಿಡಿದಿದೆ. ಜೋಡಣೆ ಪೂರ್ತಿ ಹೊರಬಂದ ಮೇಲೂ ಸ್ಪ್ರಿಂಗು ಅದುಮಿಕೊಂಡೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್‌ನಿಂದ ಸ್ಪ್ರಿಂಗನ್ನು ಬಟ್ಟಲಿನಿಂದ ಸಡಿಲಾಗುವಷ್ಟು ಕುಗ್ಗಿಸದೆ ಆ ನಟ್ಟು ಬಿಚ್ಚುವುದು ಜೀವಕ್ಕೆ ಅಪಾಯ. ಕಂಪ್ರೆಸರ್‌ನ ಎರಡು ಕೊಕ್ಕೆಗಳು ಎದುರುಬದುರು ಕೂರಬೇಕು, ಎರಡನ್ನೂ ಒಂದಾದ ಮೇಲೆ ಒಂದರಂತೆ ಕೈಯಿಂದಲೇ ತಿರುಗಿಸಬೇಕು, ಗಾಳಿ ಗನ್ನಿನಿಂದಲ್ಲ. ಸ್ಪ್ರಿಂಗಿನ ತುದಿಗೆ ಎದುರಾಗಿ ಯಾರೂ ನಿಲ್ಲಬಾರದು. ಈ ಒಂದು ಹಂತಕ್ಕಾದರೂ ಒಳ್ಳೆಯ ಕಂಪ್ರೆಸರ್ ಇರುವ ವರ್ಕ್‌ಶಾಪಿಗೆ ಜೋಡಣೆಯನ್ನು ಹೊತ್ತೊಯ್ಯುವುದು ಕ್ಷೇಮ.

ಗಾಡಿ ತಗ್ಗಿಸಲು ಸುತ್ತು ಕತ್ತರಿಸುವುದು, ಗ್ಯಾಸಿನಿಂದ ಕಾಯಿಸುವುದು ಎರಡೂ ತಪ್ಪು. ಸುತ್ತು ಕಡಿಮೆಯಾದರೆ ಸ್ಪ್ರಿಂಗು ಇನ್ನೂ ಗಡಸಾಗುತ್ತದೆ, ತುದಿ ಬಟ್ಟಲಲ್ಲಿ ಕೂರುವುದಿಲ್ಲ. ಕಾಯಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಎತ್ತರಿಸುವ ಸ್ಪ್ರಿಂಗು ಹಾಕಿಸುವವರು ಕಾನೂನನ್ನೂ ನೋಡಬೇಕು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಹೊಸದನ್ನು ಕೂರಿಸುವಾಗ ರಬ್ಬರ್ ಸೀಟು ಹರಿದಿದ್ದರೆ ಬದಲಿಸಿ, ಬಟ್ಟಲಿನ ಮಣ್ಣು ತೆಗೆದು, ಸರಳಿನ ತುದಿಯನ್ನು ಅದಕ್ಕೆಂದೇ ಇರುವ ಕಚ್ಚಿಗೆ ತಾಗಿಸಬೇಕು. ಬುಷ್ ಇರುವ ಬೋಲ್ಟುಗಳನ್ನು ಗಾಡಿ ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಚಕ್ರ ನೆಲಕ್ಕಿಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡು, ಸದಾ ಅದೇ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಗಾಡಿಯನ್ನು ಇಳಿಸಿ, ಒಂದೆರಡು ಸಲ ಕುಲುಕಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಬಳಿಕ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಟೇಪು ಹಿಡಿದು ಬರೆದಿಟ್ಟುಕೊಳ್ಳಬೇಕು. ಕೆಲವು ನೂರು ಕಿಲೋಮೀಟರ್ ಮಣ್ಣುದಾರಿ ಓಡಿದ ಮೇಲೆ ಅದೇ ಅಳತೆಯನ್ನು ಮತ್ತೆ ತೆಗೆದು, ಬಿಚ್ಚಿದ್ದ ಪ್ರತಿ ಬೋಲ್ಟಿಗೂ ಇನ್ನೊಮ್ಮೆ ರೆಂಚು ಕೊಟ್ಟು ನೋಡಬೇಕು. ಒಂದು ಬದಿ ಮಾತ್ರ ಕುಸಿದಿದ್ದರೆ ಸ್ಪ್ರಿಂಗಿನ ತುದಿ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಮೊದಲು ಪರೀಕ್ಷಿಸಬೇಕು.